ಬಿಳಿ ಪೆಟ್ರೋಲಿಯಂ ಜೆಲ್ಲಿ: ಇಸುಬಿನ ಚರ್ಮದ ಮೇಲೆ ಹದಿನಾಲ್ಕು ತಿಂಗಳು

ಸುಗಂಧ, ಬಣ್ಣ, ನೀರು ಯಾವುದೂ ಸೇರದ, ಔಷಧ ದರ್ಜೆಯ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ನಾನು ಹದಿನಾಲ್ಕು ತಿಂಗಳಿಂದ ಪ್ರತಿ ರಾತ್ರಿ ಬಳಸುತ್ತಿದ್ದೇನೆ. ಯಾರ ಚರ್ಮದ ಮೇಲೆ ಬಳಸಲಾಯಿತು ಎಂಬುದನ್ನು ಮೊದಲೇ ಹೇಳದಿದ್ದರೆ ಇಂಥ ವಿಮರ್ಶೆಯಿಂದ ಓದುಗರಿಗೆ ಉಪಯೋಗವಾಗದು. ನನಗೆ ಚಿಕ್ಕಂದಿನಿಂದಲೂ ಇಸುಬು ಇದೆ. ವೈದ್ಯರ ಚೀಟಿಯಲ್ಲಿ ಅದರ ಹೆಸರು ಅಟೋಪಿಕ್ ಡರ್ಮಟೈಟಿಸ್. ಮೊಣಕೈ ಮಡಿಕೆ, ಮೊಣಕಾಲಿನ ಹಿಂಬದಿ, ಕುತ್ತಿಗೆ, ಮಣಿಕಟ್ಟು ಮತ್ತು ಬೆರಳುಗಳು ಅದು ಎಂದೂ ಪೂರ್ತಿ ಬಿಟ್ಟುಹೋಗದ ಜಾಗಗಳು. ಕೆಲವು ತಿಂಗಳು ಒರಟಾಗಿ, ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿರುತ್ತದೆ. ಮತ್ತೆ ಕೆಲವು ವಾರ ಕೆಂಪೇರಿ, ಒಡೆದು, ನೀರು ಜಿನುಗುತ್ತದೆ. ಉಲ್ಬಣಿಸಿದ ದಿನಗಳಿಗೆ ಔಷಧವಿದೆ, ವೈದ್ಯರಿದ್ದಾರೆ. ಉಳಿದ ದಿನಗಳ ನವೆ, ಬಿಗಿತ, ಉರಿ, ಹೊಟ್ಟು ಉದುರುವಿಕೆ ಇವನ್ನೆಲ್ಲ ನಾವೇ ನಿಭಾಯಿಸಬೇಕು. ಈ ಜೆಲ್ಲಿ ಎಷ್ಟು ಒಳ್ಳೆಯದು ಎಂಬುದನ್ನು ನಾನು ಆ ಉಳಿದ ದಿನಗಳ ಲೆಕ್ಕದಲ್ಲೇ ನೋಡಿದ್ದೇನೆ.

ಚರ್ಮಕ್ಕೆ ಹಚ್ಚುವ ವಸ್ತುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲ ದಿನದ ಅನುಭವವನ್ನು ಬರೆಯುತ್ತಾರೆ: ವಾಸನೆ ಹೇಗಿದೆ, ಎಷ್ಟು ಬೇಗ ಹೀರಿಕೊಂಡಿತು, ಕೈ ಎಷ್ಟು ಮೃದುವಾಯಿತು. ಆರೋಗ್ಯವಂತ ಚರ್ಮಕ್ಕೆ ಅದು ಸಾಕು. ವರ್ಷಗಟ್ಟಲೆ ಉರಿಯೂತ ಇರುವ ಚರ್ಮಕ್ಕೆ ಮೊದಲ ದಿನದ ಸುಖ ಬಹಳ ಸಲ ಮೋಸ ಮಾಡುತ್ತದೆ. ಮೊದಲ ದಿನ ರೇಷ್ಮೆಯಂತೆ ಅನ್ನಿಸಿದ ಒಂದು ಕ್ರೀಮ್ ಎರಡನೆಯ ವಾರದಲ್ಲಿ ನನ್ನ ಕುತ್ತಿಗೆಯ ಮೇಲೆ ಸಣ್ಣ ಗುಳ್ಳೆಗಳನ್ನು ಎಬ್ಬಿಸಿತ್ತು. ಆಮೇಲಿನಿಂದ ಯಾವುದೇ ಲೇಪದ ಬಗ್ಗೆ ಮೂರು ತಿಂಗಳು ಬಳಸದೆ ಅಭಿಪ್ರಾಯ ಹೇಳಬಾರದು ಎಂದು ನಾನೇ ನಿಯಮ ಮಾಡಿಕೊಂಡಿದ್ದೇನೆ.

ಜೆಲ್ಲಿ ಮಾಡುವ ಕೆಲಸವನ್ನು ಅರಿಯಲು ಇಸುಬಿನ ಚರ್ಮದಲ್ಲಿ ಏನು ಕೆಟ್ಟಿದೆ ಎಂಬುದನ್ನು ತಿಳಿಯಬೇಕು. ಚರ್ಮದ ತೀರಾ ಹೊರಗಿನ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು: ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಸೆರಾಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳೇ ಗಾರೆ. ನಮ್ಮಂಥವರಲ್ಲಿ ಈ ಗಾರೆ ತೆಳುವಾಗಿದ್ದು, ಒಳಗಿನ ನೀರು ಸದ್ದಿಲ್ಲದೆ ಆವಿಯಾಗಿ ಹೋಗುತ್ತದೆ, ಹೊರಗಿನ ಧೂಳು, ಸಾಬೂನು, ಸೂಕ್ಷ್ಮಜೀವಿಗಳು ಸುಲಭವಾಗಿ ಒಳನುಗ್ಗುತ್ತವೆ, ಅವುಗಳನ್ನು ಕಂಡ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ. ಇಟ್ಟಿಗೆಗಳಿಗೆ ಆಕಾರ ಮತ್ತು ತೇವ ಕೊಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚುತ್ತದೆ ಎಂಬುದು 2006ರಲ್ಲಿ ಖಚಿತವಾಯಿತು. ಪೆಟ್ರೋಲಿಯಂ ಜೆಲ್ಲಿಯಲ್ಲಿ ಚರ್ಮಕ್ಕೆ ಕೊಡಲು ನೀರೂ ಇಲ್ಲ, ಔಷಧವೂ ಇಲ್ಲ. ನೀರು ಹೊರಹೋಗುವ ದಾರಿಯನ್ನು ಮಾತ್ರ ಅದು ಮುಚ್ಚುತ್ತದೆ. ಆ ಕೆಲಸದಲ್ಲಿ ಅದನ್ನು ಮೀರಿಸುವ ಸಾಮಾನ್ಯ ಲೇಪ ಇಲ್ಲವೆಂದೇ ಹೇಳಬಹುದು: ಹಚ್ಚಿದ ಜಾಗದಿಂದ ಆವಿಯಾಗುವ ನೀರನ್ನು ಅದು ನೂರಕ್ಕೆ 98ರಷ್ಟು ತಡೆಯಬಲ್ಲದು ಎಂಬುದು ಚರ್ಮಶಾಸ್ತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಅಂಕಿ. ಅದು ಪ್ಲಾಸ್ಟಿಕ್ ಹಾಳೆಯಂತೆ ಮೇಲೆ ಕುಳಿತಿರುತ್ತದೆ ಎಂಬ ತಿಳಿವಳಿಕೆ ಬಹುಕಾಲ ಇತ್ತು. ಅದು ಹೊರಪದರದ ಗಾರೆಯ ಸಂದುಗಳೊಳಗೂ ಇಳಿಯುತ್ತದೆ, ಚರ್ಮ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದಕ್ಕೆ ಅಡ್ಡಿ ಮಾಡುವುದಿಲ್ಲ ಎಂದು 1992ರ ಅಧ್ಯಯನವೊಂದು ತೋರಿಸಿತು. ಅದನ್ನು ಹಚ್ಚಿ ಮುಚ್ಚಿಟ್ಟ ಚರ್ಮದಲ್ಲಿ ಸೂಕ್ಷ್ಮಜೀವಿಗಳನ್ನು ಎದುರಿಸುವ ಪೆಪ್ಟೈಡುಗಳೂ ಫಿಲಾಗ್ರಿನ್ ಕೂಡ ಹೆಚ್ಚಾಗುತ್ತವೆ ಎಂದು 2016ರಲ್ಲಿ ಇನ್ನೊಂದು ಅಧ್ಯಯನ ವರದಿ ಮಾಡಿತು.

ವಸ್ತು ಹಳೆಯದು. ಎಣ್ಣೆಬಾವಿಗಳ ಕೊಳವೆಗಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಜಿಡ್ಡನ್ನು ಕೆಲಸಗಾರರು ಗಾಯಗಳಿಗೆ ಸವರಿಕೊಳ್ಳುವುದನ್ನು ಕಂಡ ರಾಬರ್ಟ್ ಚೆಸ್‌ಬ್ರೊ ಅದನ್ನು ಶುದ್ಧೀಕರಿಸಿ, 1872ರಲ್ಲಿ ಅಮೆರಿಕದಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಕಲ್ಲೆಣ್ಣೆಯಿಂದ ಬಂದದ್ದು ಎಂಬ ಕಾರಣಕ್ಕೆ ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೇ: ಶುದ್ಧೀಕರಣದ ದರ್ಜೆಯನ್ನು ನೋಡಿ ಕೊಳ್ಳಬೇಕು. ಔಷಧಕೋಶದ ದರ್ಜೆ ಎಂದು ನಮೂದಿಸಿರುವ ಬಿಳಿ ಜೆಲ್ಲಿಯಲ್ಲಿ ಹಾನಿಕರ ಉಳಿಕೆಗಳನ್ನು ತೆಗೆದುಹಾಕಿರುತ್ತಾರೆ. ಯಂತ್ರಗಳಿಗೆ ಬಳಸುವ ದರ್ಜೆಯನ್ನು ಮೈಗೆ ಹಚ್ಚಬಾರದು.

ನಾನು ಬಳಸುವ ಕ್ರಮ ಹೀಗಿದೆ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ ಮಾಡುತ್ತೇನೆ. ಬಿಸಿನೀರು ನವೆಗೆ ಆ ಕ್ಷಣದಲ್ಲಿ ಸ್ವರ್ಗದಂತೆ ಹಿತವೆನಿಸಿದರೂ ಅರ್ಧ ಗಂಟೆಯೊಳಗೆ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಸಾಬೂನನ್ನು ಬಿಟ್ಟು ವರ್ಷಗಳಾದವು. ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ, ಅದರ ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಆ ಕ್ಷಾರ ಇರುವ ಅಷ್ಟಿಷ್ಟು ಗಾರೆಯನ್ನೂ ತೊಳೆದುಬಿಡುತ್ತದೆ. ಮೈಯನ್ನು ಉಜ್ಜದೆ, ಟವೆಲ್ಲಿನಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ, ಅಂದರೆ ಎರಡು ಮೂರು ನಿಮಿಷಗಳೊಳಗೆ, ಜೆಲ್ಲಿಯನ್ನು ಹಚ್ಚಬೇಕು. ಈ ಒಂದು ವಿಷಯದಲ್ಲಿ ನಾನು ಮೊದಲ ತಿಂಗಳು ತಪ್ಪು ಮಾಡಿದೆ: ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ, ಏನೂ ಪ್ರಯೋಜನವಿಲ್ಲ ಎಂದು ದೂರುತ್ತಿದ್ದೆ. ಒಣಗಿದ ಮೇಲೆ ಮುಚ್ಚಿದರೆ ಒಳಗೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ಜೆಲ್ಲಿಯನ್ನು ಅಂಗೈಗಳ ನಡುವೆ ಬೆಚ್ಚಗೆ ಮಾಡಿಕೊಂಡರೆ ಅದು ಮೆತ್ತಗಾಗಿ ಎಳೆಯದೆ ಹರಡುತ್ತದೆ. ಕೂದಲು ಬೆಳೆಯುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಸವರಬೇಕು. ಗುಂಡಗೆ ತಿಕ್ಕಿದರೆ ಜಿಡ್ಡು ಕೂದಲ ಬುಡದಲ್ಲಿ ಕಟ್ಟಿಕೊಂಡು ಕೀವುಗುಳ್ಳೆಗಳಾಗುತ್ತವೆ. ನನ್ನ ಮುಂದೋಳಿನಲ್ಲಿ ಎರಡು ಸಲ ಹಾಗಾಗಿತ್ತು, ದಿಕ್ಕು ಬದಲಿಸಿದ ಮೇಲೆ ಆಗಿಲ್ಲ. ಬೆರಳುಗಳಿಗೆ ಹಚ್ಚಿದ ಮೇಲೆ ತೆಳುವಾದ ಹತ್ತಿಯ ಕೈಗವಸು ಹಾಕಿಕೊಂಡು ಮಲಗುತ್ತೇನೆ. ನಿದ್ದೆಯಲ್ಲಿ ಕೆರೆದುಕೊಂಡರೂ ಉಗುರು ನೇರವಾಗಿ ತಾಗುವುದಿಲ್ಲ, ಹೊದಿಕೆಗೂ ಜಿಡ್ಡು ಹತ್ತುವುದಿಲ್ಲ.

ಪರಿಣಾಮವನ್ನು ನೆನಪಿನ ಮೇಲೆ ಬಿಡಲು ಮನಸ್ಸಾಗಲಿಲ್ಲ. ನವೆಯ ರೋಗದಲ್ಲಿ ನಿನ್ನೆಯ ರಾತ್ರಿ ಕೆಟ್ಟದಾಗಿದ್ದರೆ ಇಡೀ ತಿಂಗಳೇ ಕೆಟ್ಟದಾಗಿತ್ತು ಎಂದು ತೋರುತ್ತದೆ. ಆದ್ದರಿಂದ ವೈದ್ಯರು ಬಳಸುವ, 2004ರಲ್ಲಿ ಪ್ರಕಟವಾದ ಪೋಯೆಮ್ ಎಂಬ ಪ್ರಶ್ನಾವಳಿಯನ್ನು ಪ್ರತಿ ವಾರ ತುಂಬುತ್ತ ಬಂದೆ. ಅದರಲ್ಲಿ ಇರುವುದು ಏಳೇ ಪ್ರಶ್ನೆ: ಕಳೆದ ವಾರ ಎಷ್ಟು ದಿನ ನವೆಯಿತ್ತು, ಎಷ್ಟು ರಾತ್ರಿ ನಿದ್ದೆ ಕೆಟ್ಟಿತು, ಎಷ್ಟು ದಿನ ರಕ್ತ ಬಂತು, ನೀರು ಜಿನುಗಿತು, ಚರ್ಮ ಒಡೆಯಿತು, ಹೊಟ್ಟು ಉದುರಿತು, ಒಣಗಿ ಒರಟಾಗಿತ್ತು. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 28. ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಜೆಲ್ಲಿ ಆರಂಭಿಸಿದ ವಾರ ನನ್ನ ಅಂಕ 17 ಇತ್ತು, ಅಂದರೆ ತೀವ್ರ ಎಂಬ ವರ್ಗದ ಹೊಸ್ತಿಲು. ಕ್ರಮವನ್ನು ಸರಿಪಡಿಸಿಕೊಂಡ ಆರು ವಾರಗಳಲ್ಲಿ 10ಕ್ಕೆ ಇಳಿಯಿತು. ಚಳಿಯ ತಿಂಗಳುಗಳಲ್ಲಿ 14ರವರೆಗೂ ಹೋಗಿ, ಈಗ ಎಂಟರಿಂದ ಹತ್ತರ ನಡುವೆ ನಿಂತಿದೆ. ಇಳಿಕೆ ಎಲ್ಲ ಪ್ರಶ್ನೆಗಳಲ್ಲೂ ಸಮನಾಗಿ ಆಗಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಒಡಕು, ಹೊಟ್ಟು, ಒರಟುತನ ಈ ಮೂರರ ಅಂಕಗಳು ಮೊದಲ ತಿಂಗಳಲ್ಲೇ ಬಿದ್ದವು. ಬೆರಳ ಗೆಣ್ಣುಗಳ ಮೇಲಿನ ಬಿರುಕುಗಳು ಮುಚ್ಚಿಕೊಂಡು, ಮುಷ್ಟಿ ಕಟ್ಟಿದಾಗ ರಕ್ತ ಬಾರದ ವಾರವೊಂದು ಬಹಳ ವರ್ಷಗಳ ಬಳಿಕ ಬಂತು. ಅದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನವೆಯ ಅಂಕ ಮಾತ್ರ ಬಹಳ ನಿಧಾನವಾಗಿ, ನಾಲ್ಕರಿಂದ ಮೂರಕ್ಕೆ ಇಳಿದು ಅಲ್ಲೇ ನಿಂತಿತು.

ಹೀಗೇಕೆ ಎಂದು ವೈದ್ಯರನ್ನು ಕೇಳಿದೆ. ಇಸುಬಿನ ನವೆಯನ್ನು ಹುಟ್ಟಿಸುವಲ್ಲಿ ಒಣಗುವಿಕೆಯ ಪಾಲು ಒಂದು ಭಾಗವಷ್ಟೇ. ಇಂಟರ್‌ಲ್ಯೂಕಿನ್ 4, 13, 31 ಎಂಬ ಸಂದೇಶವಾಹಕ ಪ್ರೋಟೀನುಗಳು ಚರ್ಮದ ನರಗಳನ್ನು ನೇರವಾಗಿಯೇ ಕೆಣಕುತ್ತವೆ. ಪಿತ್ತದ ಗಂಧೆಯಲ್ಲಿ ಹಿಸ್ಟಮಿನ್ (ಅಲರ್ಜಿಯ ಮಾತ್ರೆಗಳು ತಡೆಯುವ ರಾಸಾಯನಿಕ) ವಹಿಸುವ ಪಾತ್ರವನ್ನು ಇಲ್ಲಿ ಬೇರೆಯವು ವಹಿಸುವುದರಿಂದಲೇ ಅಲರ್ಜಿಯ ಮಾತ್ರೆ ನುಂಗಿದರೂ ನಮ್ಮ ನವೆ ಹೆಚ್ಚು ಜಗ್ಗುವುದಿಲ್ಲ. ಒಳಗೆ ಉರಿಯೂತ ನಡೆಯುತ್ತಿರುವಾಗ ಮೇಲೆ ಎಷ್ಟು ಜಿಡ್ಡು ಹಚ್ಚಿದರೂ ಆ ಸಂದೇಶಗಳು ನಿಲ್ಲವು. ಜೆಲ್ಲಿಯೊಂದೇ ಸಾಕು, ಸ್ಟೀರಾಯ್ಡ್ ಮುಲಾಮು ವಿಷ ಎಂದು ಹೇಳಿಕೊಡುವವರ ಮಾತು ಕೇಳಿ ನಾನೂ ಒಂದು ಕಾಲದಲ್ಲಿ ವೈದ್ಯರು ಬರೆದುಕೊಟ್ಟ ಮುಲಾಮನ್ನು ತಿಂಗಳುಗಟ್ಟಲೆ ದೂರವಿಟ್ಟಿದ್ದೆ. ಆ ತಿಂಗಳುಗಳಲ್ಲಿ ಮೊಣಕೈ ಮಡಿಕೆಯ ಚರ್ಮ ಕೆರೆದು ಕೆರೆದು ದಪ್ಪಗಟ್ಟಿತು, ಅದು ಇಂದಿಗೂ ಪೂರ್ತಿ ತೆಳುವಾಗಿಲ್ಲ. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಲೇಪ ಚರ್ಮದ ಕಾಯಿಲೆಗಳಿಗೆ ಬಳಕೆಗೆ ಬಂದದ್ದು 1952ರಲ್ಲಿ. ಎಲ್ಲಿ, ಎಷ್ಟು, ಎಷ್ಟು ದಿನ ಎಂಬ ಅಳತೆಯನ್ನು ಇಷ್ಟು ವರ್ಷಗಳ ಅನುಭವದಿಂದ ವೈದ್ಯರು ಬಲ್ಲರು. ಬೆರಳ ತುದಿಯ ಅಳತೆ ನನಗೆ ಬಹಳ ನೆರವಾಯಿತು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಜೆಲ್ಲಿಯನ್ನೂ ಈ ಮುಲಾಮನ್ನೂ ಒಂದರ ಮೇಲೊಂದು ಕೂಡಲೇ ಹಚ್ಚಿದರೆ ಔಷಧ ತೆಳುವಾಗಿ ಬೇಡದ ಕಡೆಗೂ ಹರಡುತ್ತದೆ. ನನ್ನ ವೈದ್ಯರ ಸಲಹೆಯಂತೆ ನಡುವೆ ಅರ್ಧ ಗಂಟೆ ಬಿಡುತ್ತೇನೆ.

ಇನ್ನು ದೋಷಗಳು. ಹಗಲಿಗೆ ಈ ಜೆಲ್ಲಿ ಹೊಂದುವುದಿಲ್ಲ, ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಹಚ್ಚಿದ ಕೈಯಲ್ಲಿ ಕಾಗದ ಮುಟ್ಟಿದರೆ ಕಲೆ, ಫೋನ್ ಮುಟ್ಟಿದರೆ ಮಬ್ಬು, ಬಾಗಿಲ ಹಿಡಿ ಜಾರುತ್ತದೆ. ಅಂಗಿಯ ಕಾಲರಿನಲ್ಲಿ ಹಳದಿ ಜಿಡ್ಡಿನ ಗೆರೆ ನಿಂತು ಒಗೆದರೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಶಾಖ. ಇದು ನೀರನ್ನು ಹಿಡಿದಿಡುವಂತೆಯೇ ಬಿಸಿಯನ್ನೂ ಹಿಡಿದಿಡುತ್ತದೆ. ಸೆಕೆಯಲ್ಲಿ, ನಡೆದು ಬಂದ ಮೇಲೆ, ಬೆವರು ಅದರ ಕೆಳಗೆ ಸಿಕ್ಕಿಕೊಂಡು ಕುತ್ತಿಗೆಯ ಸುತ್ತ ಸೂಜಿ ಚುಚ್ಚಿದಂತೆ ನವೆ ಏಳುತ್ತದೆ. ಚರ್ಮ ಕೆಂಪೇರಿ ಬಿಸಿಯಾಗಿರುವ ದಿನಗಳಲ್ಲೂ ಅಷ್ಟೇ, ನೀರಿನ ಅಂಶವಿರುವ ಕ್ರೀಮ್ ಆವಿಯಾಗುತ್ತ ಕೊಡುವ ತಂಪನ್ನು ಇದರಿಂದ ನಿರೀಕ್ಷಿಸುವಂತಿಲ್ಲ. ರಬ್ಬರಿನ ಲೇಟೆಕ್ಸ್ ಕೈಗವಸುಗಳನ್ನು ಎಣ್ಣೆಯ ಜಿಡ್ಡು ಹಾಳುಮಾಡುತ್ತದೆ. ಪಾತ್ರೆ ತೊಳೆಯುವಾಗ ನೈಟ್ರೈಲ್ ಕೈಗವಸು ಬಳಸುವುದು ಕ್ಷೇಮ. ಲೇಟೆಕ್ಸ್ ಕಾಂಡೋಮಿಗೂ ಇದೇ ಮಾತು ಅನ್ವಯಿಸುತ್ತದೆ, ಇದನ್ನು ಡಬ್ಬಿಗಳ ಮೇಲೆ ಇನ್ನೂ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕು.

ಬೆಂಕಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಬಲ್ಲವರು ಕಡಿಮೆ. ಜೆಲ್ಲಿ ಮೈಮೇಲೆ ಇರುವಾಗ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಅದನ್ನು ದಿನಗಟ್ಟಲೆ ಹೀರಿ ಒಣಗಿದ ಬಟ್ಟೆ, ಬ್ಯಾಂಡೇಜು, ಹಾಸಿಗೆ ಹೊದಿಕೆಗಳಿಗೆ ಕಿಡಿ ತಾಗಿದರೆ ಅವು ಸಾಮಾನ್ಯ ಬಟ್ಟೆಗಿಂತ ಬೇಗ ಹೊತ್ತಿಕೊಂಡು ಹೆಚ್ಚು ರಭಸದಿಂದ ಉರಿಯುತ್ತವೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಎಚ್ಚರಿಕೆಯನ್ನು ಪ್ಯಾರಾಫಿನ್ (ಈ ಜೆಲ್ಲಿಯಂಥ ಕಲ್ಲೆಣ್ಣೆಯ ಜಿಡ್ಡು) ಇಲ್ಲದ ಲೇಪಗಳಿಗೂ ವಿಸ್ತರಿಸಿತು. ಬಿಸಿನೀರಿನಲ್ಲಿ ಒಗೆದರೆ ಜಿಡ್ಡು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ರಾತ್ರಿ ಹಚ್ಚಿಕೊಂಡ ಬಟ್ಟೆಯಲ್ಲೇ ಬೆಳಿಗ್ಗೆ ಒಲೆಯ ಮುಂದೆ ನಿಲ್ಲುವುದನ್ನು ನಾನು ಬಿಟ್ಟಿದ್ದೇನೆ. ಮನೆಯಲ್ಲಿ ಧೂಮಪಾನ ಮಾಡುವವರಿದ್ದರೆ ಅವರಿಗೂ ತಿಳಿಸಿ ಹೇಳಬೇಕು.

ಹಗಲಿಗಾಗಿ ಹುಡುಕಾಡುತ್ತ ಬೇರೆ ಮೂರು ಬಗೆಯ ಲೇಪಗಳನ್ನು ಇದರ ಜೊತೆಯಲ್ಲೇ ಬಳಸಿ ನೋಡಿದೆ. ಪಂಪಿನ ಬಾಟಲಿಯಲ್ಲಿ ಬರುವ ತೆಳುವಾದ ಲೋಷನ್ ಹಚ್ಚಲು ಬಲು ಸುಲಭ, ಆದರೆ ಅದರಲ್ಲಿ ನೀರೇ ಹೆಚ್ಚು. ಎರಡು ಗಂಟೆಯೊಳಗೆ ನನ್ನ ಮಣಿಕಟ್ಟು ಮತ್ತೆ ಬಿಗಿಯುತ್ತಿತ್ತು. ಯೂರಿಯಾ ಇರುವ ಕ್ರೀಮ್ ದಪ್ಪಗಟ್ಟಿದ ಮೊಣಕೈ ಚರ್ಮವನ್ನು ನಿಜಕ್ಕೂ ಮೃದುಗೊಳಿಸಿತು, ಆದರೆ ಒಡೆದ ಬೆರಳಿಗೆ ತಾಗಿದಾಗ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಮಕ್ಕಳಿಗೆ ಹಚ್ಚುವವರು ಇದನ್ನು ನೆನಪಿಡಬೇಕು, ಒಮ್ಮೆ ಉರಿ ಕಂಡ ಮಗು ಮುಂದೆ ಯಾವ ಲೇಪಕ್ಕೂ ಕೈ ನೀಡುವುದಿಲ್ಲ. ಸೆರಾಮೈಡ್ ಸೇರಿದ ದಪ್ಪ ಕ್ರೀಮ್ ನನಗೆ ಹಗಲಿನ ಸಂಗಾತಿಯಾಗಿ ಉಳಿದಿದೆ. ಹತ್ತು ನಿಮಿಷದಲ್ಲಿ ಒಳಗಿಳಿದು, ಮಧ್ಯಾಹ್ನ ಇನ್ನೊಮ್ಮೆ ಹಚ್ಚಿದರೆ ಸಂಜೆಯವರೆಗೆ ಕಾಪಾಡುತ್ತದೆ.

ಈ ಹೋಲಿಕೆಯಲ್ಲಿ ಜೆಲ್ಲಿಯ ದೊಡ್ಡ ಗುಣವೊಂದು ನನಗೆ ಅರಿವಾಯಿತು: ಅದರಲ್ಲಿ ಇಲ್ಲದಿರುವ ವಸ್ತುಗಳು. ನೀರಿರುವ ಲೇಪ ಕೆಡದಂತೆ ಇರಲು ಸಂರಕ್ಷಕ ಬೇಕೇ ಬೇಕು. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕದಿಂದ ಎಷ್ಟು ಜನರಿಗೆ ಅಲರ್ಜಿಯಾಯಿತೆಂದರೆ ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘ ಅದನ್ನು 2013ರ ಅಲರ್ಜಿಕಾರಕವೆಂದು ಹೆಸರಿಸಿತು. ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್ ಬಹಳ ಮುಲಾಮುಗಳಲ್ಲಿದೆ. 2023ರಲ್ಲಿ ಅದೇ ಪಟ್ಟ ಅದಕ್ಕೆ ಸಿಕ್ಕಿತು. ಸೋಡಿಯಂ ಲಾರಿಲ್ ಸಲ್ಫೇಟ್ ಸೇರಿಸಿದ ಕ್ರೀಮುಗಳನ್ನು ಹಚ್ಚಿ ಹಾಗೆಯೇ ಬಿಟ್ಟರೆ ಚರ್ಮದ ಗೋಡೆ ಇನ್ನಷ್ಟು ತೆಳುವಾಗುತ್ತದೆ. ವಾಸನೆಯಿಲ್ಲ ಎಂದು ಬರೆದ ಮಾತ್ರಕ್ಕೆ ಸುಗಂಧದ್ರವ್ಯ ಸೇರಿಸಿಲ್ಲ ಎಂದು ಅರ್ಥವಲ್ಲ, ಇತರ ವಾಸನೆಗಳನ್ನು ಮುಚ್ಚಲು ಸೇರಿಸಿದ ಸುಗಂಧವೂ ಅಲ್ಲಿರಬಹುದು. ಶುದ್ಧ ಬಿಳಿ ಜೆಲ್ಲಿಯ ಹಿಂಬದಿಯಲ್ಲಿ ಒಂದೇ ಪದಾರ್ಥದ ಹೆಸರು ಇರುತ್ತದೆ. ಅದಕ್ಕೆ ಅಲರ್ಜಿಯಾಗುವುದು ಅತಿ ವಿರಳ. ಯಾವುದನ್ನು ಹಚ್ಚಿದರೂ ಕೆರಳುವ ಚರ್ಮ ಹೊತ್ತು, ಪ್ರತಿ ಹೊಸ ಡಬ್ಬಿಯನ್ನೂ ಭಯದಿಂದಲೇ ತೆರೆಯುವವರಿಗೆ ಈ ಒಂದು ಹೆಸರಿನ ಪಟ್ಟಿ ಎಷ್ಟು ನೆಮ್ಮದಿ ಕೊಡುತ್ತದೆಂದು ನಾನು ಬಲ್ಲೆ.

ಹಾಗಾದರೆ ಎಲ್ಲರೂ ಜೆಲ್ಲಿಯನ್ನೇ ಕೊಳ್ಳಬೇಕೇ ಎಂದು ಕೇಳಿದರೆ ನನ್ನ ಉತ್ತರ ಇಲ್ಲ ಎಂದೇ. ಇಂಗ್ಲೆಂಡಿನಲ್ಲಿ ಇಸುಬಿರುವ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್ ಮತ್ತು ಮುಲಾಮು (ನನ್ನ ಜೆಲ್ಲಿಯಂಥ ಜಿಡ್ಡಿನ ಲೇಪ) ಈ ನಾಲ್ಕು ಬಗೆಗಳನ್ನು ಹಂಚಿ, 16 ವಾರಗಳ ಕಾಲ ಪೋಯೆಮ್ ಅಂಕಗಳನ್ನು ಹೋಲಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಯಾವ ಬಗೆಯೂ ಇನ್ನೊಂದಕ್ಕಿಂತ ಮೇಲೆಂದು ಕಂಡುಬರಲಿಲ್ಲ. ಆವಿಯನ್ನು ತಡೆಯುವ ಶಕ್ತಿಯಲ್ಲಿ ಅಷ್ಟು ಅಂತರವಿದ್ದರೂ ಕೊನೆಗೆ ಅಂಕಗಳು ಒಂದೇ ಮಟ್ಟದಲ್ಲಿ ನಿಂತದ್ದನ್ನು ಓದಿದಾಗ ಮೊದಲು ಅಚ್ಚರಿಯಾಯಿತು. ನನ್ನದೇ ಟಿಪ್ಪಣಿಗಳನ್ನು ತಿರುವಿದಾಗ ಅದು ಸಹಜವೆನಿಸಿತು: ಜೆಲ್ಲಿಯನ್ನು ಹಗಲಲ್ಲೂ ಹಚ್ಚಬೇಕೆಂದು ಹಟ ಹಿಡಿದ ವಾರಗಳಲ್ಲಿ, ಬೇಸತ್ತು ಅರ್ಧಕ್ಕರ್ಧ ಸಲ ಹಚ್ಚಿಕೊಳ್ಳದೆಯೇ ಬಿಟ್ಟಿದ್ದೆ. ಮೈಯ ಬಹುಭಾಗದಲ್ಲಿ ಇಸುಬಿರುವ ವಯಸ್ಕರಿಗೆ ವಾರಕ್ಕೆ ಅರ್ಧ ಕಿಲೋದಷ್ಟು ಲೇಪ ಬೇಕಾಗುತ್ತದೆ. ಅಷ್ಟನ್ನು ಒಬ್ಬರು ಮನಸ್ಸಿಟ್ಟು ಹಚ್ಚಬೇಕಾದರೆ ಅದು ಅವರ ದಿನಚರಿಯೊಳಗೆ ಕೂರುವಂತಿರಬೇಕು. ನನ್ನ ಕಾಯಿಲೆ ಕೆಲವೇ ಜಾಗಗಳದ್ದಾದ್ದರಿಂದ 500 ಗ್ರಾಮಿನ ಡಬ್ಬಿ ಸುಮಾರು ಆರು ವಾರ ಬರುತ್ತದೆ.

ಕೆಲವು ದಿನಗಳಲ್ಲಿ ನಾನು ಜೆಲ್ಲಿಯನ್ನು ಮುಟ್ಟುವುದೇ ಇಲ್ಲ. ಹಳದಿ ಹಕ್ಕಳೆ ಕಟ್ಟಿದ್ದರೆ, ಕೀವು ಕಂಡರೆ, ಜ್ವರದ ಜೊತೆ ಕೆಂಪು ಹರಡುತ್ತಿದ್ದರೆ ಅದು ಸೋಂಕು; ಅದರ ಮೇಲೆ ಜಿಡ್ಡು ಮೆತ್ತಿ ಕಾಯುತ್ತ ಕೂರಬಾರದು. ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ನವೆಗಿಂತ ನೋವೇ ಹೆಚ್ಚಾದರೆ ಅದು ಹರ್ಪಿಸ್ ವೈರಾಣುವಿನ ಸೋಂಕಾಗಿರಬಹುದು, ಆಗ ಅದೇ ದಿನ ವೈದ್ಯರ ಬಳಿ ಹೋಗಬೇಕು.

ರಾತ್ರಿಯ ಲೇಪವಾಗಿ ಈ ಜೆಲ್ಲಿಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಹಗಲಿಗೆ ಎರಡು. ಕಡಿತವಾದ ಅರ್ಧ ಅಂಕ ಡಬ್ಬಿಗೆ ಸೇರಿದ್ದು. ಅಗಲ ಬಾಯಿಯ ಡಬ್ಬಿಗೆ ಬೆರಳು ಹಾಕಿದಾಗೆಲ್ಲ ಚರ್ಮದ ಮೇಲಿನ ಸೂಕ್ಷ್ಮಜೀವಿಗಳೂ ಹೊಟ್ಟೂ ಒಳಗೆ ಸೇರುತ್ತವೆ. ಹಾಗಾಗಿ ಸ್ವಚ್ಛವಾದ ಒಂದು ಚಮಚವನ್ನು ಇದಕ್ಕೆಂದೇ ಇಟ್ಟಿದ್ದೇನೆ. ತಿರುಗಿಸಿ ತೆಗೆಯುವ ಆ ನುಣುಪಾದ ಮುಚ್ಚಳ, ಗೆಣ್ಣುಗಳು ಒಡೆದ ರಾತ್ರಿಗಳಲ್ಲಿ, ಜಿಡ್ಡಾದ ಕೈಗೆ ಸಿಕ್ಕುವುದೇ ಇಲ್ಲ. ಬಿಗಿಯಾಗಿ ಹಿಡಿದು ತಿರುಗಿಸಿದರೆ ಕೂಡಿಕೊಂಡ ಬಿರುಕು ಮತ್ತೆ ಬಾಯಿಬಿಡುತ್ತದೆ. ಇಸುಬಿನ ಕೈಗಳಿಗೆಂದು ಜೆಲ್ಲಿ ತಯಾರಿಸುವವರು ಹೆಬ್ಬೆರಳಿನಿಂದ ತಳ್ಳಿ ತೆರೆಯಬಹುದಾದ ಮುಚ್ಚಳವಿರುವ, ಮೆತ್ತನೆಯ ದೊಡ್ಡ ಟ್ಯೂಬಿನಲ್ಲಿ ಇದನ್ನು ಕೊಡಬೇಕೆಂಬುದು ನನ್ನ ಮನಃಪೂರ್ವಕ ಕೋರಿಕೆ. ಅಲ್ಲಿಯವರೆಗೆ ನಾನು ಸ್ನಾನಕ್ಕೆ ಹೋಗುವ ಮುನ್ನ, ಕೈ ಒಣಗಿರುವಾಗಲೇ, ಡಬ್ಬಿಯ ಮುಚ್ಚಳವನ್ನು ಸಡಿಲಿಸಿ ಇಟ್ಟು ಹೋಗುತ್ತೇನೆ.